ಬಿಳಿ ಬಟ್ಟೆಯೊಳಗಿನ ಬೆರಳು

"ಈ ಬೆರಳು ಯಾರ್ದು, ಸಾಹೇಬ್ರೆ?"

ಉಡಚಮ್ಮ ಕೈಚೀಲದಿಂದ ಪುಟ್ಟ ಫೋಟೋವೊಂದನ್ನು ತೆಗೆದು ಗಾಜಿನ ಕೌಂಟರಿನ ಮೇಲಿಟ್ಟಳು.

ಇನ್ನೂ ವರ್ಷ ತುಂಬದ ಗಂಡು ಕೂಸು. ಹಿಂದೆ ಹಾಲಿನಂಥ ಬಿಳಿ. ಎರಡು ಕಿವಿಯೂ ಕಾಣುತ್ತಿದ್ದವು. ಕಣ್ಣು ಅಗಲವಾಗಿ ತೆರೆದಿದ್ದವು. ಬಾಯಿ ಮುಚ್ಚಿತ್ತು. ಪಾಸ್‌ಪೋರ್ಟ್ ಕಚೇರಿಯವರು ಕೇಳುವುದೆಲ್ಲ ಸರಿಯಾಗಿಯೇ ಇತ್ತು. ಆದರೆ ಕೂಸಿನ ಕಂಕುಳ ಕೆಳಗೆ ಬಿಳಿ ಬಟ್ಟೆಯ ನೆರಿಗೆ ಸರಿದು, ಒಂದು ಬೆರಳಿನ ತುದಿ ಹೊರಗೆ ಇಣುಕಿತ್ತು.

ಅಷ್ಟಕ್ಕೇ ಕಚೇರಿಯವರು ಈ ಫೋಟೋ ನಡೆಯುವುದಿಲ್ಲವೆಂದು ವಾಪಸ್ ಮಾಡಿದ್ದರು.

ಹರಿಹರದ ಆ ಸ್ಟುಡಿಯೋದ ಮಾಲೀಕ ಶಬ್ಬೀರ್ ಫೋಟೋದ ಮೇಲೆ ಒಮ್ಮೆ ಕಣ್ಣಾಡಿಸಿದ. ಆಮೇಲೆ ಬೇರೆಲ್ಲೋ ನೋಡಿದ.

"ಒಂದ್ನಿಮಿಷ ಕೂಡ್ರಿ ಮೇಡಂ. ಈ ಹಿರಿಯರನ್ನ ಕಳಿಸಿಬಿಡ್ತೀನಿ. ಆವಾಗಿಂದ ನಿಂತಾರೆ."

ಉಡಚಮ್ಮ ಬೆಂಚಿನ ಮೇಲೆ ಕೂತಳು. ಪೊಲೀಸರು ಸರದಿ ಕಾಯಬೇಕಿಲ್ಲ ಎಂದು ಅವಳಿಗೆ ಎಂದೂ ಅನ್ನಿಸಿದ್ದಿಲ್ಲ. ನಿವೃತ್ತಿಗೆ ಹತ್ತಿರವಾದ ಎ.ಎಸ್.ಐ. ಅವಳು. ಹೀಗೆ ಅಂಗಡಿಗೋ ಮನೆಗೋ ವಿಚಾರಣೆಗೆ ಹೋಗುವಾಗ ಖಾಕಿಯ ಮೇಲೆ ಕಂದು ಸ್ವೆಟರ್ ಹಾಕಿಕೊಂಡು, ಜೀಪು ಬಿಟ್ಟು ಬಸ್ಸಿನಲ್ಲಿ ಹೋಗುತ್ತಿದ್ದಳು. ಯಾರದೋ ಮನೆ ಮುಂದೆ ಪೊಲೀಸ್ ಜೀಪು ನಿಂತರೆ ಆ ಬೀದಿ ಅದನ್ನು ಬೇಗ ಮರೆಯುವುದಿಲ್ಲ.

ಸ್ಟುಡಿಯೋದ ನಡುವೆ ಸೂರಪ್ಪನೆಂಬ ಮುದುಕ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಸೆಟೆದು ನಿಂತಿದ್ದ. ದುಬೈ ನೋಡಲು ಟೂರಿನವರ ಜೊತೆ ಹೊರಟವನು. ಗೋಡೆಯ ಮೊಳೆಗೆ ತೂಗು ಹಾಕಿದ್ದ ಕಡುನೀಲಿ ಅಂಗಿಯೊಂದನ್ನು ಶಬ್ಬೀರ್ ಅವನತ್ತ ಹಿಡಿದಿದ್ದ.

"ಯಾರ್ದೋ ಅಂಗಿ. ನಾ ಒಲ್ಲೆ."

"ಅಜ್ಜಾ, ಹಿಂದೆ ಪರದೆ ಬಿಳಿ, ನಿಮ್ಮಂಗಿ ಬಿಳಿ, ತಲೆ ಬಿಳಿ. ಫೋಟೋದಾಗ ಬರೇ ಮೂಗು ಉಳೀತೈತೆ. ಹಾಕ್ಕೊಳ್ರಿ. ಅರ್ಧ ಹರಿಹರ ಇದೇ ಅಂಗಿ ಹಾಕ್ಕೊಂಡು ಹೊರದೇಶ ನೋಡಿ ಬಂದೈತೆ."

"ಒಗೆದೀರೋ ಇಲ್ಲೋ?"

"ಮುಂಜಾನೆ ಇಸ್ತ್ರಿನೂ ಮಾಡೀನಿ," ಎಂದಿತು ಪರದೆಯಾಚೆಯಿಂದ ಹೆಣ್ಣುದನಿ. ಶಬ್ಬೀರನ ಹೆಂಡತಿ ಫಿಜಾ.

ಮುದುಕನ ಕೈ ನಡುಗಿ ಗುಂಡಿ ಹತ್ತಲಿಲ್ಲ. ಶಬ್ಬೀರ್ ತಾನೇ ಬಗ್ಗಿ ಒಂದೊಂದಾಗಿ ಹಾಕಿದ. ಜೇಬಿನ ಬಾಚಣಿಗೆಯಿಂದ ಆತನ ಕೂದಲು ಒಪ್ಪ ಮಾಡಿದ.

"ಈಗ ನಗಬ್ಯಾಡ್ರಿ. ನಕ್ರೆ ಫೋಟೋ ತಗೊಳ್ಳಂಗಿಲ್ಲ."

"ನಗಾಕೆ ಹಲ್ಲೆಲ್ಲಿ ಅದಾವೋ ತಮ್ಮಾ!"

ಉಡಚಮ್ಮ ಆ ಗುಂಡಿ ಹಾಕುವ ಕೈಗಳನ್ನೇ ನೋಡುತ್ತಿದ್ದಳು. ಈ ಮನುಷ್ಯ ತನ್ನ ಲಾಭಕ್ಕೆ ಸುಳ್ಳು ಹೇಳುವವನಲ್ಲ ಎನ್ನಿಸಿತು. ಹೇಳಿದರೆ ಇನ್ನಾರನ್ನೋ ಕಾಪಾಡಲು ಹೇಳಿಯಾನು. ಅಂಥ ಸುಳ್ಳನ್ನು ಬಿಡಿಸುವುದು ಹೆಚ್ಚು ಕಷ್ಟ.

ಸೂರಪ್ಪ ತನ್ನ ಬಿಳಿ ಅಂಗಿ ತೊಟ್ಟು ಹೊರಟ ಮೇಲೆ ಅವಳು ಎದ್ದು ಬಂದಳು.

"ಕೂಸಿನಪ್ಪ ನಿಂಗರಾಜು, ಇದು ನಮ್ಮವ್ವನ ಬೆರಳು ಅಂತಾನೆ. ಅವರವ್ವ ಓಬವ್ವನ್ನ ನಾ ನೋಡೀನಿ. ವಯಸ್ಸಾಗಿ ಗೆಣ್ಣೆಲ್ಲ ಊದ್ಕೊಂಡಾವೆ. ಇದು ಹರೇದ ಬೆರಳು. ಕೂಸನ್ನ ಹಿಡ್ಕೊಂಡು ಕೂತಾಕಿ ಯಾರು?"

ಶಬ್ಬೀರ್ ನೀಲಿ ಅಂಗಿಯನ್ನು ಮತ್ತೆ ಮೊಳೆಗೆ ತೂಗು ಹಾಕಿದ.

ಕೂಸಿನ ತಾಯಿ ಲತಾ ಆಷಾಢದಲ್ಲಿ ಕಾಣೆಯಾಗಿದ್ದಳು. ಹರಿಹರದ ಹೊಳೆಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸಿಕ್ಕಿದ್ದವು, ದೇಹ ಸಿಕ್ಕಿರಲಿಲ್ಲ. ಈ ಫೋಟೋ ತೆಗೆದದ್ದು ದೀಪಾವಳಿ ಕಳೆದ ಮೇಲೆ.

ಸಾರಥಿ ಹಳ್ಳಿಯಿಂದ ಲತಾಳ ಅಪ್ಪ ಮಾರಣ್ಣ ಮತ್ತೆ ಮತ್ತೆ ಠಾಣೆಗೆ ಬಂದು ಅತ್ತಿದ್ದ. ಅಳಿಯನೇ ನನ್ನ ಮಗಳನ್ನು ಹೊಳೆಗೆ ನೂಕಿದ್ದಾನೆ, ಈಗ ಮೊಮ್ಮಗನನ್ನೂ ಎತ್ತಿಕೊಂಡು ಮಸ್ಕತ್ತಿಗೆ ಓಡುತ್ತಿದ್ದಾನೆ ಎಂದು ಅರ್ಜಿ ಕೊಟ್ಟಿದ್ದ. ನಿಂಗರಾಜುವಿಗೆ ಅಲ್ಲಿ ಫಿಟ್ಟರ್ ಕೆಲಸ ಸಿಕ್ಕಿದ್ದು ನಿಜ. ಕೂಸಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೂ ನಿಜ. ಇನ್‌ಸ್ಪೆಕ್ಟರ್ ರೇವಣ್ಣನವರು ಇವತ್ತು ಸಂಜೆಯೊಳಗೆ ವರದಿ ಬೇಕೆಂದಿದ್ದರು.

ಆಕ್ಷೇಪಣೆ ಇಲ್ಲ ಎಂದು ಬರೆದರೆ, ತಾಯಿಯನ್ನು ಕೊಂದವನ ಕೈಗೇ ಕೂಸನ್ನು ಒಪ್ಪಿಸಿದಂತಾಗಬಹುದು. ಇದೆ ಎಂದು ಬರೆದರೆ, ಹೆಂಡತಿ ಕಳೆದುಕೊಂಡವನಿಂದ ಮಗನನ್ನೂ ಕಿತ್ತುಕೊಂಡಂತಾಗಬಹುದು. ಎರಡರ ನಡುವೆ ಅವಳ ಬಳಿ ಇದ್ದದ್ದು ಈ ಒಂದು ಬೆರಳು.

"ದೊಡ್ಡದು ಮಾಡಿ ತೋರಿಸ್ರಿ," ಎಂದಳು.

ಶಬ್ಬೀರ್ ಕಂಪ್ಯೂಟರ್ ಮುಂದೆ ಕೂತ. ಪರದೆಯ ಮೇಲೆ ಕೂಸಿನ ಕೆನ್ನೆ, ಭುಜ, ನೆರಿಗೆ ಒಂದೊಂದಾಗಿ ದೊಡ್ಡದಾಗುತ್ತ ಹೋದವು. ಕೊನೆಗೆ ಬೆರಳು. ತೆಳ್ಳಗಿನ, ಉಗುರು ಚಿಕ್ಕದಾಗಿ ಕತ್ತರಿಸಿದ ಬೆರಳು. ಅದರ ತುದಿ ಕಪ್ಪಾಗಿತ್ತು.

"ಅಳಸ್ಬೋದಿತ್ತು ಮೇಡಂ, ಒಂದು ಗಳಿಗೆ ಕೆಲ್ಸ. ನಮ್ಮಪ್ಪ ಕುಂಚ ಹಿಡ್ಕೊಂಡು ಎಷ್ಟೋ ಹುಡುಗೇರ ಸಿಡುಬಿನ ಕಲೆ ಅಳಿಸಿ ಮದುವೆ ಮಾಡಿಸ್ಯಾರೆ. ಈಗ ತಿದ್ದಿದ ಫೋಟೋ ಇವರು ಒಪ್ಪಂಗಿಲ್ಲ. ಮುಖ ಹೆಂಗೈತೋ ಹಂಗೇ ಇರ್ಬೇಕು. ಅದಕ್ಕೇ ಅವತ್ತು ತೆಗೆದಿದ್ರಾಗೆ ಬೆರಳು ಕಾಣದ್ದೊಂದು ಹುಡುಕಿ ಆಮೇಲೆ ಕೊಟ್ಟೆ."

"ಮೊದ್ಲೇ ಯಾಕ ನೋಡ್ಲಿಲ್ಲ?"

"ಕೂಸಿನ ಮುಖ ನೋಡ್ತಿದ್ದೆ. ಬೆರಳು ಕಣ್ಣಿಗೆ ಬೀಳ್ಲಿಲ್ಲ."

"ಬೆರಳಿನಾಕಿ?"

ಶಬ್ಬೀರ್ ಕ್ಯಾಮೆರಾದ ಮುಂದಿನ ಸ್ಟೂಲನ್ನು ತೋರಿಸಿದ. ಸಣ್ಣ ಮಕ್ಕಳು ತಾವಾಗಿ ಕೂರುವುದಿಲ್ಲ. ತಾಯಿ ಅಲ್ಲಿ ಕೂರುತ್ತಾಳೆ. ಅವಳ ತಲೆಯಿಂದ ಪಾದದವರೆಗೂ ಬಿಳಿ ಬಟ್ಟೆ ಹೊದಿಸುತ್ತಾರೆ. ಕೂಸು ಬಟ್ಟೆಯ ಮೇಲೆ, ಅವಳ ತೊಡೆಯ ಮೇಲೆ. ಬಟ್ಟೆಯೊಳಗಿಂದಲೇ ಅವಳು ಹಿಡಿದುಕೊಳ್ಳುತ್ತಾಳೆ. ಫೋಟೋದಲ್ಲಿ ಕೂಸು ಮಾತ್ರ ಬರುತ್ತದೆ, ತಾಯಿ ಬಿಳಿ ಗೋಡೆಯಾಗಿಬಿಡುತ್ತಾಳೆ.

"ಅಜ್ಜಿ ಜೊತೆ ಒಬ್ಬಾಕಿ ಬಂದಿದ್ಲು. ಸ್ಕೂಟರಿನೋರ ತರ ವೇಲು ಮುಖಕ್ಕೆ ಸುತ್ಕೊಂಡಿದ್ಲು. ಅಲ್ಲಾನ ಆಣೆ ಮೇಡಂ, ನಾ ಮುಖ ನೋಡ್ಲಿಲ್ಲ."

"ಇವ್ರು ನೋಡ್ಲಿಲ್ಲ," ಎನ್ನುತ್ತ ಫಿಜಾ ಟೀ ಹಿಡಿದು ಹೊರಗೆ ಬಂದಳು. "ನಾ ನೋಡೀನಿ."

"ಏ ಫಿಜಾ..."

"ಸುಮ್ಕಿರ್ರಿ. ಪೊಲೀಸ್ನೋರ ಮುಂದೆ ನಿಮಗೆ ಸುಳ್ಳು ಹೇಳಕ್ಕೆ ಬರಂಗಿಲ್ಲ. ಕಿವಿ ಕೆಂಪಗಾಗ್ತಾವೆ." ಅವಳು ಲೋಟವನ್ನು ಉಡಚಮ್ಮನ ಕೈಗಿಟ್ಟಳು. "ಆದ್ರೆ ಅಮ್ಮಾ, ಆಕಿಗೆ ಕೆಡುಕಾಗ್ತೈತೆ ಅಂದ್ರೆ ನಾನೂ ಬಾಯಿ ಬಿಡಂಗಿಲ್ಲ. ಬೇಕಾದ್ರೆ ಸ್ಟೇಷನ್ನಿಗೆ ಕರ್ಕೊಂಡು ಹೋಗ್ರಿ."

ಉಡಚಮ್ಮ ಟೀ ಕುಡಿದಳು. ಏಲಕ್ಕಿ ಹಾಕಿದ್ದಳು, ಸಕ್ಕರೆ ಕಡಿಮೆ. ವಯಸ್ಸಾದವಳೆಂದು ನೋಡಿಯೇ ಕಡಿಮೆ ಹಾಕಿದ್ದಾಳೆ.

"ಕೂಸಿನ ತಾಯಿ ಸತ್ತಾಳೆ ಅಂತ ಎಲ್ರೂ ತಿಳ್ಕೊಂಡಾರೆ, ಫಿಜಾ. ಕೂಸಿನಪ್ಪನೇ ಕೊಂದಾನೆ ಅಂತ ಅರ್ಜಿ ಬಂದೈತೆ. ಆಕಿ ಬದುಕಿದ್ರೆ ಅವನ ತಲೆ ಮೇಲಿನ ಕೊಲೆ ಇಳೀತೈತೆ. ಕೂಸಿಗೆ ಅಪ್ಪ ಉಳೀತಾನೆ. ಅಷ್ಟಕ್ಕೇ ಕೇಳ್ತಾ ಇದೀನಿ."

ಫಿಜಾ ಗಂಡನ ಮುಖ ನೋಡಿದಳು. ಆಮೇಲೆ ಬೆಂಚಿನ ತುದಿಗೆ ಕೂತಳು.

"ಕೂಸು ಅಜ್ಜಿ ಕೈಯಾಗ ಚೀರಿ ಚೀರಿ ಅಳ್ತಿತ್ತು. ನಾನು ಡಬ್ಬಿಗೆ ಮಂಡಕ್ಕಿ ಹಾಕಿ ಅಲ್ಲಾಡಿಸಿದೆ, ಇವ್ರು ಬೆಕ್ಕಿನ ತರ ಕೂಗಿದ್ರು..."

"ಅದೆಲ್ಲ ಯಾಕ ಹೇಳ್ತೀಯ?"

"ಕೂಗಿದ್ರಿ ತಾನೆ? ಯಾವ್ದಕ್ಕೂ ಸುಮ್ಮನಾಗ್ಲಿಲ್ಲ ಅಮ್ಮಾ. ಆಕಿ ಬಟ್ಟೆ ಹೊದ್ದು ಕೂತು, ಒಳಗಿಂದ ಸಣ್ಣಗೆ ಏನೋ ಗುನುಗಿದ್ಲು. ತಟ್ಟನೆ ನಿಲ್ಲಿಸ್ತು. ಆಮೇಲೆ ಒಂದೇ ಸಮ ಹಿಂದಕ್ಕೆ ತಿರುಗಿ ತಿರುಗಿ ಆ ಬಟ್ಟೇನೇ ನೋಡೋದು. ಕ್ಯಾಮೆರಾ ಕಡೆ ತಿರುಗಿಸೋದೇ ಕಷ್ಟ ಆತು."

ಉಡಚಮ್ಮ ಸ್ಟೂಲಿನತ್ತ ನೋಡಿದಳು. ಖಾಲಿ ಸ್ಟೂಲು. ಪಕ್ಕದಲ್ಲಿ ಮಡಿಸಿಟ್ಟ ಬಿಳಿ ಬಟ್ಟೆ.

"ಬೆರಳಿನ ಕಪ್ಪು?"

"ಕಾಡಿಗೆ. ಕೂಸಿನ ಕೆನ್ನಿ ಮೇಲೆ ದೃಷ್ಟಿ ಬೊಟ್ಟಿತ್ತು, ಇಷ್ಟು ದೊಡ್ಡದು, ಸೊಟ್ಟಗೆ. ಮುಖದ ಮೇಲೆ ಕಪ್ಪು ಇರಬಾರ್ದು, ಮಚ್ಚೆ ಅಂತಾರೆ, ಅಳಿಸ್ರಿ ಅಂದ್ರು ಇವ್ರು. ಆಕಿ ಅದೇ ಬೆರಳಿನಾಗ ಒರೆಸಿದ್ಲು. ಫೋಟೋ ಮುಗೀತು, ಇವ್ರು ಒಳಗೆ ಪ್ರಿಂಟ್ ತೆಗೀಲಿಕ್ಕೆ ಹೋದ್ರು. ಆವಾಗ ಆಕಿ ಬಟ್ಟೆ, ವೇಲು ಎರಡೂ ಸರಿಸಿ, ಬೆರಳಿಗೆ ಉಳಿದಿದ್ದ ಕಾಡಿಗೆನ ಕೂಸಿನ ಎಡ ಅಂಗಾಲಿಗೆ ಒತ್ತಿದ್ಲು. ಮುತ್ತಿನಂಗೆ ಗುಂಡಗೆ. ನಾ ನೋಡಿದ್ದಕ್ಕೆ ನಾಚ್ಕೊಂಡು, 'ನಮ್ಮವ್ವ ನನಗೆ ಪಾದಕ್ಕೇ ಇಡ್ತಿದ್ಲು ಅಕ್ಕಾ, ಮುಖದ ಚೆಂದ ಕೆಡಬಾರ್ದು ಅಂತ' ಅಂದ್ಲು."

"ಮುಖ ಹೆಂಗಿತ್ತು?"

ಫಿಜಾ ತನ್ನ ಬಲ ಹುಬ್ಬಿನ ಮೇಲೆ ಬೆರಳೆಳೆದಳು. "ಇಲ್ಲಿ ಗಾಯದ ಗುರುತು. ಹೊಸಾದು. ಗದ್ದದಾಗ ಸಣ್ಣ ಕುಳಿ."

ಠಾಣೆಯ ಗೋಡೆಗೆ ಅಂಟಿಸಿದ ಕಾಣೆಯಾದವರ ಚಿತ್ರದಲ್ಲಿ ಲತಾಳ ಗದ್ದದ ಕುಳಿ ಸ್ಪಷ್ಟವಾಗಿತ್ತು. ಹುಬ್ಬಿನ ಗಾಯ ಇರಲಿಲ್ಲ.

"ಅವ್ರು ಹೋದ್ಮೇಲೆ ಬಟ್ಟೆ ಮಡಿಸೋಕೆ ಹೋದೆ," ಎಂದಳು ಫಿಜಾ. "ಮುಖ ಇರೋ ಜಾಗದಾಗ ಎರಡು ಕಡೆ ಒದ್ದೆ ಆಗಿತ್ತು. ಕೂಸಿನ ಫೋಟೋ ತೆಗೆಯೋ ಅಷ್ಟೂ ಹೊತ್ತು ಆಕಿ ಒಳಗೆ ಅತ್ತಾಳೆ ಅಮ್ಮಾ. ಕೈ ಮಾತ್ರ ಅಲುಗಾಡಿಸಿಲ್ಲ. ಅಲುಗಿದ್ರೆ ಫೋಟೋ ಕೆಡ್ತೈತಲ್ಲ."

"ನೀ ಏನೂ ಕೇಳ್ಲಿಲ್ಲೇನು?"

"ಕೇಳಿದ್ರೆ ಆಕಿ ಹೇಳ್ಬೇಕಾಗ್ತಿತ್ತಲ್ಲ," ಎಂದಳು ಫಿಜಾ.

ಹೊರಡುವಾಗ ಶಬ್ಬೀರ್ ಒಂದು ಲಕೋಟೆ ಕೊಟ್ಟ. ಒಳಗೆ ಅದೇ ಕೂಸಿನ ಇನ್ನೊಂದು ಫೋಟೋ. ಬಾಯಿ ತುಂಬ ನಗು, ಒಸಡಿನಲ್ಲಿ ಎರಡೇ ಹಲ್ಲು.

"ನಕ್ಕಿದ್ದು ಪಾಸ್‌ಪೋರ್ಟಿಗೆ ಬರಂಗಿಲ್ಲ. ಹೆಸರು ನೋಡಿದ್ರೆ ಸಂತೋಷ ಅಂತೆ! ಎಸೆಯಾಕೆ ಮನಸ್ಸಾಗ್ಲಿಲ್ಲ. ಅವರಮ್ಮ ಸಿಕ್ರೆ ಕೊಡ್ರಿ."

*

ದಾವಣಗೆರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಉಡಚಮ್ಮ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕೂತಳು. ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು.

ಲತಾ ಬದುಕಿದ್ದಾಳೆ. ಹಾಗಾದರೆ ನಿಂಗರಾಜು ಕೊಲೆಗಾರನಲ್ಲ. ಅದೊಂದು ಭಾರ ಇಳಿಯಿತು.

ಆದರೆ ಇಳಿದ ಜಾಗಕ್ಕೆ ಇನ್ನೊಂದು ಬಂದು ಕೂತಿತು. ಬದುಕಿದ್ದವಳು ಮನೆಗೆ ಯಾಕೆ ಬರುತ್ತಿಲ್ಲ? ಹಡೆದ ಕೂಸನ್ನು ಬಟ್ಟೆಯೊಳಗೆ ಕೂತು ಕದ್ದು ಹಿಡಿದುಕೊಳ್ಳುವ ಗತಿ ಯಾಕೆ ಬಂತು? ದಾವಣಗೆರೆಯ ಮನೆಯ ಹತ್ತಿರವೇ, ವಿದ್ಯಾನಗರದ ಕಾಲೇಜುಗಳ ಸುತ್ತ ಹೆಜ್ಜೆಗೊಂದು ಸ್ಟುಡಿಯೋ ಇರುವಾಗ, ಓಬವ್ವ ಮೊಮ್ಮಗನನ್ನು ಹರಿಹರದವರೆಗೆ ಎತ್ತಿಕೊಂಡು ಹೋದದ್ದು ಯಾಕೆಂದು ಈಗ ತಿಳಿಯಿತು. ಫೋಟೋದ ನೆಪದಲ್ಲಿ ತಾಯಿಗೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಒಂದು ಗಳಿಗೆ ಸಿಗಲಿ ಎಂದು.

ಅತ್ತೆ ಸೊಸೆಯನ್ನು ಬಚ್ಚಿಡುತ್ತಿದ್ದಾಳೆ. ಯಾರಿಂದ? ಮಗನಿಂದಲೇ?

ಹೊಳೆಯ ಮೆಟ್ಟಿಲ ಮೇಲಿನ ಚಪ್ಪಲಿಗಳು ನೆನಪಾದವು. ಅವತ್ತು ಅವಳೇ ಹೋಗಿ ನೋಡಿದ್ದಳು. ಪಕ್ಕಪಕ್ಕಕ್ಕೆ ಜೋಡಿಸಿಟ್ಟಿದ್ದವು, ಬೆರಳಿನ ಕಡೆ ಮೇಲಿನ ಮೆಟ್ಟಿಲಿಗೆ, ಹಿಮ್ಮಡಿಯ ಕಡೆ ನೀರಿಗೆ. ಮತ್ತೆ ಮೆಟ್ಟಿಕೊಂಡು ಹೊರಡಲು ಅನುಕೂಲವಾಗುವ ಹಾಗೆ. ನೀರಿಗೆ ಇಳಿಯುವವಳು ಚಪ್ಪಲಿ ತಿರುಗಿಸಿ ಇಡುವಳೇ ಎಂದು ಅವತ್ತೇ ಮನಸ್ಸಿಗೆ ಚುಚ್ಚಿತ್ತು. ಉತ್ತರ ಸಿಕ್ಕಿರಲಿಲ್ಲ.

ಮಾರಣ್ಣ ನೆನಪಾದ. ಈ ದಿನ ಬೆಳಿಗ್ಗೆಯೂ ಬಂದಿದ್ದ. ಯಾವಾಗಿನ ಹಾಗೆ ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಂಡಿದ್ದ. ನೋಡಲಾರದೆ ಅವಳು ಯಾವಾಗಿನ ಹಾಗೆ ಕುರ್ಚಿ ಹಾಕಿಸಿ, ಟೀ ತರಿಸಿ, ಬೆರಳಿನ ಸಂಗತಿಯನ್ನೂ ಹೇಳಿಬಿಟ್ಟಿದ್ದಳು. ಹರಿಹರದ ಸ್ಟುಡಿಯೋಗೆ ಹೋಗಿ ಬರ್ತೀನಿ, ಏನಾದ್ರೂ ಗೊತ್ತಾಗಬಹುದು, ಧೈರ್ಯ ತಗೊಳ್ರಿ ಎಂದಿದ್ದಳು.

ಮಗಳು ಬದುಕಿದ್ದಾಳೆ ಎಂದು ಈಗಲೇ ಹೇಳಿದರೆ ಆ ಮುದುಕ ಎಷ್ಟು ಹಿಗ್ಗಿಯಾನು! ಉಡಚಮ್ಮ ಮೊಬೈಲ್ ತೆಗೆದು ಅವನ ಹೆಸರು ಹುಡುಕಿದಳು. ಬೆರಳು ಅಲ್ಲೇ ನಿಂತಿತು.

ಮೊದಲು ಓಬವ್ವನನ್ನು ನೋಡೋಣ ಎಂದುಕೊಂಡಳು. ಮೊಬೈಲ್ ಮತ್ತೆ ಚೀಲ ಸೇರಿತು.

*

ದೇವರಾಜ ಅರಸು ಬಡಾವಣೆಯ ಓಬವ್ವನ ಮನೆಯಲ್ಲಿ ನಿಂಗರಾಜು ಇರಲಿಲ್ಲ, ಕೆಲಸಕ್ಕೆ ಹೋಗಿದ್ದ. ಓಬವ್ವ ಬಾಗಿಲ ಬಳಿ ಚಾಪೆ ಹಾಸಿ ಮೊಮ್ಮಗನನ್ನು ಬಿಸಿಲಿಗೆ ಕೂರಿಸಿದ್ದಳು.

"ಬರ್ರಿ ಮೇಡಂ, ಕೂಡ್ರಿ. ನನ್ನ ಮಗ ಸಂಜೀಗೆ ಬರ್ತಾನೆ."

"ನಿಮ್ಮ ಹತ್ರಾನೇ ಬಂದೆ ಓಬವ್ವ."

ಕೂಸಿನ ಬಲಗೆನ್ನೆಯ ಮೇಲೆ ದೊಡ್ಡ ಬೊಟ್ಟಿತ್ತು. ಒಂದು ಕಡೆ ಜಾರಿ ಕಿವಿಯತ್ತ ಹರಿದಿತ್ತು. ಉಡಚಮ್ಮ ನಕ್ಕಳು.

"ದೃಷ್ಟಿ ಬೊಟ್ಟೋ, ಭೂಪಟಾನೋ?"

"ಕಣ್ಣಾಗ ಪೊರೆ ಬಂದೈತ್ರಿ. ಕೈಯೂ ನಿಲ್ಲಂಗಿಲ್ಲ. ಹಿಂಗ ಇಡಾಕೆ ಹೋದ್ರೆ ಹಂಗ ಹೋಗ್ತೈತೆ," ಎಂದು ಓಬವ್ವನೂ ನಕ್ಕಳು. ಎದ್ದು ಹೋಗಿ ನೀರು, ಬೆಲ್ಲ ತಂದಿಟ್ಟಳು.

ಉಡಚಮ್ಮ ಕೂಸನ್ನು ತೊಡೆಗೆ ಎಳೆದುಕೊಂಡಳು. ಅದು ಅವಳ ಸ್ವೆಟರಿನ ಗುಂಡಿ ಹಿಡಿದು ಬಾಯಿಗೆ ಒಯ್ಯತೊಡಗಿತು. ಕಾಲಿಗೆ ಉಲ್ಲನ್ ಕಾಲುಚೀಲ. ಅವಳು ಎಡಗಾಲಿನದನ್ನು ಮೆಲ್ಲಗೆ ಕೆಳಗೆಳೆದಳು.

ಅಂಗಾಲಿನ ನಡುವೆ ಪುಟ್ಟ ಬೊಟ್ಟು. ಮುತ್ತಿನಂಗೆ ಗುಂಡಗೆ.

ಅದರ ಅಂಚನ್ನು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಕಪ್ಪು ಹತ್ತಿತು.

"ಇದನ್ನ ಇವತ್ತು ಬೆಳಿಗ್ಗೆ ಇಟ್ಟಿದ್ದು ಯಾರು, ಓಬವ್ವ?"

ಓಬವ್ವ ಬೆಲ್ಲದ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. "ನಾನೇ."

"ಕೆನ್ನಿ ಮೇಲಿಂದು ನೀವಿಟ್ಟಿದ್ದು. ಇದಲ್ಲ."

"ನಾನೇ ಅಂತೀನಲ್ರಿ!"

"ಹಂಗಾದ್ರೆ ಬಲಗಾಲಿಗೂ ಒಂದು ಇಟ್ಟು ತೋರಿಸ್ರಿ. ಹಿಂಗೇ ಗುಂಡಗೆ."

ಮುದುಕಿ ಕಾಡಿಗೆ ಡಬ್ಬಿಯ ಕಡೆ ನೋಡಿದಳು. ಹೋಗಲಿಲ್ಲ. ನಿಧಾನವಾಗಿ ಗೋಡೆಗೆ ಆತು ಕೂತಳು.

"ಸಣ್ಣ ದನೀಲೆ ಮಾತಾಡ್ರಿ. ಪಕ್ಕದ ಮನೇರಿಗೆ ಕೇಳ್ತೈತೆ."

"ಲತಾ ಎಲ್ಲದಾಳೆ?"

"ಅದನ್ನ ಮಾತ್ರ ಕೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಿಮ್ಮ ಮಗನಿಗೆ ಹೆದ್ರಿ ಅವಿತುಕೊಂಡಾಳೇನು?"

"ನನ್ನ ಮಗನಿಗಾ?" ಓಬವ್ವ ತಲೆಯೆತ್ತಿದಳು. ಪೊರೆ ಬಂದ ಕಣ್ಣಿನಲ್ಲಿ ನೀರು ತುಂಬಿತ್ತು. "ಅವನು ಈಗ್ಲೂ ರಜೆ ಸಿಕ್ಕಾಗೆಲ್ಲ ಹೋಗಿ ಹೊಳೆ ದಂಡೆಗೆ ನಿಂತು ಬರ್ತಾನ್ರಿ. ಬಂದು ಉಣ್ಣಂಗಿಲ್ಲ. ನಿನ್ನ ಹೆಂಡ್ತಿ ಬದುಕ್ಯಾಳೋ ಅಂತ ಬಾಯಿ ತುದೀಗೆ ಬರ್ತೈತೆ, ನುಂಗ್ಕೊಂತೀನಿ. ಹಡೆದಾಕಿಗೆ ಇದೇನು ಸುಲಭ ಅಂತ ತಿಳಿದೀರೇನು?"

"ಮತ್ಯಾಕ ಹೇಳ್ಲಿಲ್ಲ?"

"ಅವನ ಮುಖದಾಗ ಏನೂ ನಿಲ್ಲಂಗಿಲ್ಲ. ಗೊತ್ತಾದ್ರೆ ಓಡಿ ಹೋಗ್ತಾನೆ. ಅವನ ಬೆನ್ನು ಹಿಡಿದು ಇನ್ನೊಬ್ರು ಹೋಗ್ತಾರೆ. ಮೊದ್ಲು ಅಪ್ಪ ಮಗ ಈ ಊರು ಬಿಡ್ಲಿ. ಆಮೇಲೆ ಆಕಿನೂ ಹೆಂಗಾದ್ರೂ ಮಾಡಿ ದಾಟಿಸ್ತೀನಿ."

ಕೂಸು ಗುಂಡಿ ಬಿಟ್ಟು ಅಜ್ಜಿಯತ್ತ ತೆವಳಿತು. ಓಬವ್ವ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಹೊಳೀಗೆ ಹೆಂಗ ಬಿದ್ಲು?"

"ಬೀಳ್ಲಿಲ್ರಿ. ತಳ್ಳಿದ್ರು. ಕಲ್ಲಿಗೆ ಹುಬ್ಬು ಒಡೀತು. ಕೆಳಗಡೆ ಮೀನು ಹಿಡಿಯೋರು ಯಾರೋ ಪುಣ್ಯಾತ್ಮರು ಎಳ್ಕೊಂಡ್ರು, ಇಲ್ಲಾಂದ್ರೆ ಹೋಗೇಬಿಡ್ತಿದ್ಲು. ಅಲ್ಲಿ ಏನು ನೋಡಬಾರ್ದು ನೋಡಿದ್ಲೋ, ನನಗೂ ಪೂರ್ತಿ ಹೇಳಿಲ್ಲ. ಆದ್ರೆ ತಳ್ಳಿದ ಕೈ ಯಾರ್ದು ಅಂತ ಹೇಳ್ಯಾಳೆ."

"ಯಾರ್ದು?"

ಓಬವ್ವ ಕೂಸಿನ ತಲೆ ಸವರಿದಳು. ಸವರುತ್ತಲೇ ಇದ್ದಳು.

ಉಡಚಮ್ಮ ಆತುರಪಡಲಿಲ್ಲ. ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಮೇಲೆ ಮೆತ್ತಗೆ ಕೇಳಿದಳು. "ಸ್ಟೇಷನ್ನಿಗೆ ಯಾಕ ಬರ್ಲಿಲ್ಲ ಆಕಿ? ನಾವಿರೋದು ಯಾತಕ್ಕೆ?"

"ಬಂದಿದ್ಲು ಮೇಡಂ."

"ಏನು?"

"ನಿಮ್ಮ ಸ್ಟೇಷನ್ ಬಾಗಿಲ ತನಕ ಬಂದಿದ್ಲು. ತಲೆಗೆ ಪಟ್ಟಿ ಕಟ್ಕೊಂಡು, ಮುಖಕ್ಕೆ ವೇಲು ಸುತ್ಕೊಂಡು. ಒಳಗೆ ನೀವು ಒಬ್ರನ್ನ ಕುರ್ಚಿ ಮೇಲೆ ಕೂಡ್ರಿಸಿ ಟೀ ಕುಡಿಸ್ತಿದ್ರಂತೆ. ಅವ್ರು ಅಳ್ತಿದ್ರಂತೆ. ನೀವು ಅವರ ಬೆನ್ನು ಸವರಿ ಸಮಾಧಾನ ಮಾಡ್ತಿದ್ರಂತೆ. ಅದನ್ನ ನೋಡಿ ಹಂಗೇ ಹಿಂದಕ್ಕೆ ಬಂದ್ಲು."

ಉಡಚಮ್ಮ ನೀರಿನ ಲೋಟ ಕೆಳಗಿಟ್ಟಳು.

ಠಾಣೆಗೆ ಬಂದವರಿಗೆಲ್ಲ ಅವಳು ಟೀ ಕೊಡಿಸಿದ್ದಾಳೆ. ಆದರೆ ಈ ಒಂದು ವಿಷಯಕ್ಕಾಗಿ ಆ ಕುರ್ಚಿಯ ಮೇಲೆ ಕೂತು ಅತ್ತವರು ಒಬ್ಬರೇ.

ಗೇಟು ಕಿರುಗುಟ್ಟಿತು.

"ಬೀಗ್ತೀ, ಅದೀರೇನ್ರಿ ಮನ್ಯಾಗ?"

ಓಬವ್ವನ ಮೈ ಸೆಟೆದುಕೊಂಡದ್ದು ಉಡಚಮ್ಮನಿಗೆ ಕಂಡಿತು. ಮುದುಕಿಯ ಸೆರಗಿನ ತುದಿ ಕೂಸಿನ ಕಾಲಿನ ಮೇಲೆ ಸರಿಯಿತು.

ಮಾರಣ್ಣ ಅಂಗಳದಲ್ಲಿ ನಿಂತಿದ್ದ. ಹೆಗಲ ಮೇಲೆ ಟವೆಲು, ಕೈಯಲ್ಲಿ ಮೊಮ್ಮಗನಿಗೆಂದು ತಂದ ಬಣ್ಣದ ಗಿರಗಟ್ಟೆ. ಮೆಟ್ಟಿಲ ಬಳಿ ಬಂದು ಚಪ್ಪಲಿ ಬಿಟ್ಟ. ಬಿಟ್ಟವನು ಸುಮ್ಮನೆ ಒಳಗೆ ಬರಲಿಲ್ಲ. ಬಗ್ಗಿ, ಎರಡನ್ನೂ ಕೈಯಲ್ಲಿ ಎತ್ತಿ, ಪಕ್ಕಪಕ್ಕಕ್ಕೆ ಜೋಡಿಸಿ, ಹೊರಮುಖ ಮಾಡಿ ಇಟ್ಟ. ಮತ್ತೆ ಮೆಟ್ಟಿಕೊಂಡು ಹೊರಡಲು ಅನುಕೂಲವಾಗುವ ಹಾಗೆ.

ಯೋಚನೆಯಿಲ್ಲದೆ ಮಾಡಿದ ಕೆಲಸ. ಇಷ್ಟು ವರ್ಷ ಎಲ್ಲ ಬಾಗಿಲಲ್ಲೂ ಮಾಡಿ ಕೈಗೆ ಕೂತುಬಿಟ್ಟ ಕೆಲಸ.

"ಓ, ಮೇಡಮ್ಮೋರೂ ಇಲ್ಲೇ ಅದೀರಿ, ಒಳ್ಳೇದಾತು." ದನಿ ಬೆಳಗಿನಷ್ಟೇ ಮೆತ್ತಗಿತ್ತು. "ಹರಿಹರಕ್ಕೆ ಹೋಗಿದ್ರೇನ್ರಿ? ಆ ಬೆರಳು ಯಾರ್ದಂತೆ, ಗೊತ್ತಾತಾ?"

"ಇನ್ನೂ ಇಲ್ಲ," ಎಂದಳು ಉಡಚಮ್ಮ. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. ಕಪ್ಪು ಹತ್ತಿದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಮಾರಣ್ಣ ಚಾಪೆಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಗಿರಗಟ್ಟೆ ತಿರುಗಿಸಿದ. ಕರಕರ ಸದ್ದಿಗೆ ಕೂಸು ಕೇಕೆ ಹಾಕಿ ಕಾಲು ಝಾಡಿಸಿತು. ಸೆರಗು ಜಾರಿತು. ಓಬವ್ವ ಕೈ ಚಾಚುವುದರೊಳಗೆ ಅವನು ಆ ಪುಟ್ಟ ಎಡಗಾಲನ್ನು ಹಿಡಿದು ಕಣ್ಣಿಗೊತ್ತಿಕೊಳ್ಳಲು ಎತ್ತಿದ್ದ.

ಕಾಲು ಅರ್ಧದಲ್ಲೇ ನಿಂತಿತು.

ಮಾರಣ್ಣ ಅಂಗಾಲನ್ನು ನೋಡುತ್ತಿದ್ದ. ಗಿರಗಟ್ಟೆಯ ಸದ್ದು ನಿಂತಿತು. ಅವನು ಹೆಬ್ಬೆರಳಿನಿಂದ ಬೊಟ್ಟನ್ನು ಒಮ್ಮೆ ಸವರಿದ. ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಮುಖದ ಮೇಲಿನ ನಗು ಹಾಗೇ ಇತ್ತು.

"ನೀವು ಕೆನ್ನಿಗೆ ಇಡೋರಲ್ಲೇನ್ರಿ ಬೀಗ್ತೀ? ಪಾದಕ್ಕೆ ಇಡೋದು ನನ್ನ ಹೆಂಡ್ತಿ. ಅವಳ ಕೈಯಿಂದ ಕಲಿತಾಕಿ ನನ್ನ ಮಗಳೊಬ್ಬಳೇ."

ಅವನು ಕೂಸಿನ ಕಾಲನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಉಡಚಮ್ಮನತ್ತ ತಿರುಗಿದ.

"ಕಾಡಿಗೆ ಇನ್ನೂ ಹಸಿ ಐತಲ್ರಿ, ಮೇಡಂ."